ಮೇಲಕ್ಕೆ ಹೋಗುವ ಬೋರು

ಎಂಟು ಇಂಚಿನ ಬೋರ್‌ವೆಲ್ ಕೇಸಿಂಗ್ ಪೈಪು, ಉದ್ದ ನಾಲ್ಕೂವರೆ ಅಡಿ. ಅದನ್ನು ಆಟೋದಲ್ಲಿ ಅಡ್ಡ ಇಟ್ಟುಕೊಂಡು, ಒಂದು ತುದಿ ಹೊರಗೆ ಚಾಚಿ, ಪೀಣ್ಯ ಎರಡನೇ ಹಂತದಿಂದ ಮನೆಗೆ ಬರುತ್ತಿದ್ದೆ. ಡ್ರೈವರ್ ಸುಮ್ಮನಿರುವ ಪೈಕಿ ಅಲ್ಲ. "ಎಲ್ಲಿ ಸಾರ್ ಬೋರ್ ಹಾಕಿಸ್ತಿರೋದು? ಎಷ್ಟು ಅಡಿಗೆ ನೀರು ಸಿಕ್ತು?" ಅಂದ. "ನಮ್ಮದು ಕೆಳಕ್ಕೆ ಹೋಗೋ ಬೋರ್ ಅಲ್ಲಪ್ಪ, ಮೇಲಕ್ಕೆ ಹೋಗೋದು" ಅಂದೆ. ಕನ್ನಡಿಯಲ್ಲಿ ಒಂದು ಸಲ ನನ್ನ ಮುಖ ನೋಡಿದ. ದಾಸರಹಳ್ಳಿ ಬರುವವರೆಗೆ ಮತ್ತೆ ತುಟಿ ಬಿಚ್ಚಲಿಲ್ಲ.

ಆ ಪೈಪಿನ ತಳದಲ್ಲಿ ಈಗ ನಾನೇ ತಿಕ್ಕಿ ತಯಾರಿಸಿದ ಆರು ಇಂಚಿನ ಕನ್ನಡಿ ಕೂತಿದೆ. ಅದರಲ್ಲಿ ಶನಿಯ ಬಳೆ ಕಾಣುತ್ತದೆ, ಗುರುವಿನ ನಾಲ್ಕು ಚಂದ್ರರು ಕಾಣುತ್ತಾರೆ. ನಮ್ಮ ಚಂದ್ರನಂತೂ ಕಣ್ಣು ಕುಕ್ಕುವಷ್ಟು.

ನಾನು ವಿಜ್ಞಾನಿಯಲ್ಲ. ಪೀಣ್ಯದ ಟೂಲ್ ರೂಮುಗಳಲ್ಲಿ ವಯಸ್ಸು ಕಳೆದವನು. ಲೇತು, ಗ್ರೈಂಡಿಂಗು, ಲ್ಯಾಪಿಂಗು, ಇಷ್ಟೇ ನನ್ನ ವಿದ್ಯೆ. ಇಂಥವನಿಗೆ ಆಕಾಶದ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುವವರಿಗೆ ನಾನು ಪೀಣ್ಯದ ಒಂದು ಹಳೆಯ ಸಂಗತಿ ಹೇಳುತ್ತೇನೆ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಗಾಜಿನ ಅರಮನೆಯಲ್ಲಲ್ಲ, ಇದೇ ಪೀಣ್ಯದ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಹುಡುಗರ ಒಂದು ಪಡೆ ಆ ಶೆಡ್ಡುಗಳಲ್ಲಿ ಕೂತು 360 ಕಿಲೋ ತೂಕದ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಅದು ಮೇಲಕ್ಕೆ ಹೋಯಿತು. ಕೆಲವೇ ದಿನಗಳಲ್ಲಿ ಒಳಗಿನ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು, ನಿಜ. ಆದರೆ ಶೆಡ್ಡಿನಿಂದ ಆಕಾಶಕ್ಕೆ ದಾರಿ ಇದೆ ಎಂಬುದು ಗೊತ್ತಾಯಿತಲ್ಲ! ನಮ್ಮ ಏರಿಯಾದ ಗಾಳಿಯಲ್ಲೇ ಆ ರೋಗ ಇದೆ ಎನ್ನುವುದು ನನ್ನ ವಾದ. ಹೆಂಡತಿ ಒಪ್ಪುವುದಿಲ್ಲ.

ಅಂಗಡಿಯಲ್ಲಿ ಸಿದ್ಧ ದೂರದರ್ಶಕ ಸಿಗುತ್ತದಲ್ಲ, ತಿಕ್ಕುವ ಗೋಳು ಯಾಕೆ ಎಂದು ನೀವು ಕೇಳಬಹುದು. ಉತ್ತರ ಆಮೇಲೆ ಹೇಳುತ್ತೇನೆ. ಮೊದಲು ತಿಕ್ಕೋಣ.

ಹೈಗ್ರೌಂಡ್ಸಿನ ನೆಹರೂ ತಾರಾಲಯ 1989ರಲ್ಲಿ ಶುರುವಾದದ್ದು. ಅಲ್ಲಿ ಭಾನುವಾರ ಸೇರುವ ಹವ್ಯಾಸಿಗಳ ಗುಂಪೊಂದಿದೆ, ಅಸೋಸಿಯೇಷನ್ ಆಫ್ ಬ್ಯಾಂಗಲೂರ್ ಅಮೆಚೂರ್ ಆಸ್ಟ್ರಾನಮರ್ಸ್ ಎಂದು. ಕನ್ನಡಿ ತಿಕ್ಕುವುದನ್ನು ನಾನು ಮೊದಲು ಕಂಡದ್ದು ಅಂಥವರ ಕೈಯಲ್ಲಿ. ನೋಡಿದ ಕೂಡಲೇ, ಅಯ್ಯೋ ಇದು ನಮ್ಮ ಲ್ಯಾಪಿಂಗೇ ಅಲ್ಲವಾ ಅನ್ನಿಸಿತು. ಆ ಭ್ರಮೆ ಕಳೆಯಲು ನಾಲ್ಕು ತಿಂಗಳು ಹಿಡಿಯಿತು.

ಒಂದೇ ಅಳತೆಯ ಎರಡು ದಪ್ಪ ಗಾಜಿನ ಬಿಲ್ಲೆ ತೆಗೆದುಕೊಳ್ಳಿ. ಒಂದನ್ನು ನೀರು ತುಂಬಿದ ಡ್ರಮ್ಮಿನ ಮೇಲೆ ಅಲುಗದಂತೆ ಕೂರಿಸಿ. ಅದರ ಮೇಲೆ ಕಾರ್ಬೋರಂಡಂ ಪುಡಿ, ಒಂದು ಚಮಚ ನೀರು. ಮೇಲೆ ಇನ್ನೊಂದು ಬಿಲ್ಲೆ ಇಟ್ಟು ಹಿಂದಕ್ಕೂ ಮುಂದಕ್ಕೂ ತಳ್ಳಿ. ಹತ್ತಾರು ಸಲ ತಳ್ಳಿದ ಮೇಲೆ ಬಿಲ್ಲೆಯನ್ನು ಕೊಂಚ ತಿರುಗಿಸಿ, ನೀವೂ ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯಿರಿ. ಮತ್ತೆ ತಳ್ಳಿ. ಇಷ್ಟೇ. ಮೇಲಿನ ಬಿಲ್ಲೆಯ ನಡುಭಾಗ ಕೆಳಗಿನದರ ಅಂಚಿನ ಮೇಲೆ ಹಾದಾಗೆಲ್ಲ ಭಾರ ಅಲ್ಲಿ ಬಿದ್ದು ನಡು ಸವೆಯುತ್ತದೆ. ಮೇಲಿನದು ತಟ್ಟೆಯಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಯಂತ್ರ ಬೇಡ, ಅಚ್ಚು ಬೇಡ. ಸುತ್ತು ತಪ್ಪದೆ ತಿರುಗುತ್ತಿದ್ದರೆ ಗೋಳದ ಆಕಾರ ತಾನಾಗಿಯೇ ಬರುತ್ತದೆ, ಏಕೆಂದರೆ ಹೇಗೆ ತಿರುಗಿಸಿದರೂ ಎರಡು ಮೈ ಒಂದಕ್ಕೊಂದು ಕೂರುವುದು ಗೋಳವಾಗಿದ್ದರೆ ಮಾತ್ರ. ಮೂವತ್ತು ವರ್ಷ ಜಾಬ್ ಹಿಡಿದ ನನಗೆ ಇದಕ್ಕಿಂತ ಚೆಂದದ ಮೆಷಿನಿಂಗ್ ಕಂಡಿಲ್ಲ.

ಸದ್ದು ಮಾತ್ರ ಕೇಳುವ ಹಾಗಿಲ್ಲ. 80ನೇ ನಂಬರ್ ಪುಡಿ ಗಾಜಿನ ನಡುವೆ ಸಿಕ್ಕಾಗ ಕಲ್ಲು ಅಗಿದಂತೆ ಕರಕರ. ಊರಿಂದ ಬಂದಿದ್ದ ಅಮ್ಮ ಒಂದು ಬೆಳಿಗ್ಗೆ ನಿಂತು ನೋಡಿ, "ಇಷ್ಟು ಹೊತ್ತು ಒರಳು ತಿರುವಿದ್ರೆ ಬೀದಿಗೆಲ್ಲ ದೋಸೆ ಆಗ್ತಿತ್ತು" ಅಂದಳು. ಮಾಡಿದ ಕೆಲಸವನ್ನು ಹೇಳಿದರೆ ಇನ್ನೂ ನಕ್ಕಾಳು ಎಂದು ಸುಮ್ಮನಾದೆ. ಆರು ಇಂಚಿನ ಕನ್ನಡಿಗೆ, ನಲವತ್ತೆಂಟು ಇಂಚಿನ ಸಂಗಮ ದೂರಕ್ಕೆ, ನಡುವಿನ ತಗ್ಗು ಎಷ್ಟಿರಬೇಕು ಗೊತ್ತೇ? ಬರೀ 1.2 ಮಿಲಿಮೀಟರ್. ಸ್ಟ್ರೇಟ್ ಎಡ್ಜ್ ಅಡ್ಡ ಇಟ್ಟು ನಡುವೆ 1.2ರ ಡ್ರಿಲ್ ಬಿಟ್ ತೂರಿಸಿ ನೋಡುವುದು. ತೂರಿತೋ, ಒರಟು ಕೆಲಸ ಮುಗಿಯಿತು. ಆಮೇಲೆ 120, 220, 400, 600, ಹೀಗೆ ನುಣುಪು ಹೆಚ್ಚಿಸುತ್ತ ಹೋಗುವುದು. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವಾಗ ಬಕೆಟ್ಟು, ಬಟ್ಟೆ, ಉಗುರಿನ ಸಂದಿ ಎಲ್ಲ ತೊಳೆಯಬೇಕು. ಹಳೆಯ ಪುಡಿಯ ಒಂದೇ ಕಾಳು ಉಳಿದರೂ ಗಾಜಿನ ಮೈಮೇಲೆ ಗೀರು. ನನ್ನ ಕನ್ನಡಿಯಲ್ಲಿ ಅಂಥ ಎರಡು ಗೀರು ಇವೆ. ತೋರಿಸುವಾಗ ಬೆರಳು ಅಡ್ಡ ಇಡುತ್ತೇನೆ.

ಇನ್ನು ಪಾಲಿಶು. ಇದಕ್ಕೆ ಕೆಳಗಿನ ಬಿಲ್ಲೆಯ ಮೇಲೆ ರಾಳದ ಹಾಸು ಎರೆಯಬೇಕು. ಗ್ರಂಧಿಗೆ ಅಂಗಡಿಯಿಂದ ರಾಳ ತಂದು, ಹರಳೆಣ್ಣೆ ಬೆರೆಸಿ, ಸಣ್ಣ ಉರಿಯಲ್ಲಿ ಕರಗಿಸಿದೆ, ಅಡುಗೆಮನೆಯಲ್ಲೇ. ಎಣ್ಣೆ ಹೆಚ್ಚಾದರೆ ಹಾಸು ಮೆತ್ತಗಾಗಿ ಹರಡುತ್ತದೆ, ಕಡಿಮೆಯಾದರೆ ಗಾಜನ್ನು ಗೀರುತ್ತದೆ. ಹೆಬ್ಬೆರಳ ಉಗುರಿನಿಂದ ಒತ್ತಿದಾಗ ಸೀಳದೆ ಗುರುತು ಬೀಳಬೇಕು. ಹದ ಎನ್ನುವ ಮಾತು ಕನ್ನಡದಲ್ಲಿ ಇಂಥದಕ್ಕೇ ಹುಟ್ಟಿರಬೇಕು. ಮೂರು ದಿನ ಮನೆಯೆಲ್ಲ ಗುಡಿಯ ವಾಸನೆ. "ಇವತ್ತು ಸಾರಿಗೂ ರಾಳದ ಒಗ್ಗರಣೆ" ಅಂದಳು ಮನೆಯಾಕೆ. ಆ ಪಾತ್ರೆಯನ್ನು ಅವಳು ಮತ್ತೆ ಒಳಕ್ಕೆ ಸೇರಿಸಲಿಲ್ಲ. ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ನೀರು ಸವರಿ ಗಾಜು ತಿಕ್ಕುತ್ತ ಹೋದರೆ, ಅಲ್ಲಿಯವರೆಗೆ ಮಂಜು ಕವಿದಂತಿದ್ದ ಮೈ ಅಂಚಿನಿಂದಲೋ ನಡುವಿನಿಂದಲೋ ತಿಳಿಯಾಗುತ್ತ ಬರುತ್ತದೆ.

ಈಗ ನನ್ನ ಗರ್ವ ಮುರಿದ ಸಂಗತಿ. ಟೂಲ್ ರೂಮಿನಲ್ಲಿ ನಾವು ಒಂದು ತೌ, ಅರ್ಧ ತೌ ಎಂದು ಮಾತಾಡುವವರು. ಒಂದು ತೌ ಎಂದರೆ ಇಂಚಿನ ಸಾವಿರದ ಒಂದು ಪಾಲು, ಅಂದರೆ ಸುಮಾರು 25 ಮೈಕ್ರಾನ್. ಐದು ಮೈಕ್ರಾನಿನೊಳಗೆ ಜಾಬ್ ಕೂರಿಸಿದರೆ ಸೂಪರ್‌ವೈಸರ್ ಬೆನ್ನು ತಟ್ಟುತ್ತಾರೆ. ಕನ್ನಡಿಗೆ ಅದು ಏನೇನೂ ಸಾಲದು. ಅದರ ಮೈ ಬೆಳಕಿನ ಅಲೆಯ ಎಂಟನೇ ಒಂದು ಪಾಲಿನಷ್ಟೂ ಏರುಪೇರಾಗಬಾರದು. ಹಸಿರು ಬೆಳಕಿನ ಅಲೆ 550 ನ್ಯಾನೊಮೀಟರ್, ಅದರ ಎಂಟನೇ ಒಂದು ಪಾಲು ಸುಮಾರು 70. ತಲೆಗೂದಲನ್ನು ಸಾವಿರ ಪದರ ಸೀಳಿದರೆ ಅದರಲ್ಲೊಂದು ಪದರ. ಇದನ್ನು ಅಳೆಯುವ ಮೈಕ್ರೋಮೀಟರ್ ನಮ್ಮ ಸ್ಟೋರಿನಲ್ಲಿ ಎಲ್ಲಿದೆ?

ಅಳೆಯುವ ಉಪಾಯ ಕಂಡುಹಿಡಿದವನು ಫ್ರಾನ್ಸಿನ ಫೂಕೊ, ಭೂಮಿ ತಿರುಗುವುದನ್ನು ಲೋಲಕ ತೂಗುಹಾಕಿ ತೋರಿಸಿದನಲ್ಲ, ಅವನೇ. ಬೇಕಾದದ್ದು ಒಂದು ಸಣ್ಣ ಬೆಳಕು, ಒಂದು ಶೇವಿಂಗ್ ಬ್ಲೇಡು. ಮಲಗುವ ಕೋಣೆಯ ಬಾಗಿಲಲ್ಲಿ ಕನ್ನಡಿ ನಿಲ್ಲಿಸಿ, ಎಂಟು ಅಡಿ ಆಚೆ ಅಡುಗೆಮನೆ ಹೊಸಿಲಲ್ಲಿ ಬೆಳಕನ್ನೂ ಬ್ಲೇಡನ್ನೂ ಇಟ್ಟು, ದೀಪಗಳನ್ನೆಲ್ಲ ಆರಿಸಿ ಕೂತೆ. ಕನ್ನಡಿಯಿಂದ ಮರಳಿ ಬಂದ ಬೆಳಕು ಒಂದು ಚುಕ್ಕಿಯಲ್ಲಿ ಸೇರುತ್ತದೆ. ಆ ಚುಕ್ಕಿಯನ್ನು ಬ್ಲೇಡಿನ ಅಂಚಿನಿಂದ ನಿಧಾನಕ್ಕೆ ಕತ್ತರಿಸಿದರೆ, ಗಾಜಿನ ಮೇಲಿನ ಏರುತಗ್ಗೆಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ, ಸಂಜೆಯ ಓರೆಬಿಸಿಲಿನಲ್ಲಿ ಉತ್ತ ಹೊಲ ಕಂಡಹಾಗೆ. ನಾನು ನುಣುಪು ಎಂದುಕೊಂಡಿದ್ದ ಗಾಜಿನಲ್ಲಿ ದಿಣ್ಣೆ, ಹಳ್ಳ, ಅಂಚಿನಲ್ಲಿ ಜಾರು. ಆಗ ಹೇಳಿಕೊಟ್ಟವರು ಹೇಳಿದ್ದ ಒಂದು ಆಟ ನೆನಪಾಯಿತು. ಎದ್ದು ಹೋಗಿ ಹೆಬ್ಬೆರಳನ್ನು ಕನ್ನಡಿಯ ಮೇಲೆ ಹತ್ತು ಎಣಿಸುವವರೆಗೆ ಇಟ್ಟು, ಮರಳಿ ಬಂದು ನೋಡಿದೆ. ಬೆರಳಿಟ್ಟ ಜಾಗದಲ್ಲಿ ಪುಟ್ಟ ಗುಡ್ಡ! ಬೆರಳ ಬಿಸಿಗೆ ಗಾಜು ಉಬ್ಬಿತ್ತು. ನೋಡುತ್ತಿದ್ದಂತೆ ತಣಿದು, ಗುಡ್ಡ ಮೆಲ್ಲಗೆ ಕರಗಿ ಮೈಯೊಳಗೆ ಇಳಿದುಹೋಯಿತು. ಮಗಳನ್ನು ಎಬ್ಬಿಸಿ ತೋರಿಸಿದೆ. ನಿದ್ದೆಗಣ್ಣಲ್ಲಿ ನೋಡಿ, "ಗಾಜಿಗೂ ಗೊತ್ತಾಗುತ್ತಾ ಅಪ್ಪ, ಮುಟ್ಟಿದ್ದು?" ಅಂದಳು.

ಬೆಂಗಳೂರಿನಲ್ಲಿ ಇದೇ ಕೆಲಸ ಆನೆಗಾತ್ರದಲ್ಲೂ ನಡೆದಿದೆ. ತಮಿಳುನಾಡಿನ ಕಾವಲೂರಿನ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ತಿಕ್ಕಿ ಪಾಲಿಶ್ ಮಾಡಿದ್ದು ಇಲ್ಲಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಪ್ರಯೋಗಾಲಯದಲ್ಲಿ. ಅದರ ಕನಸು ಕಂಡ ವೇಣು ಬಾಪು 1982ರಲ್ಲಿ ತೀರಿಕೊಂಡರು. 1986ರ ಜನವರಿಯಲ್ಲಿ ಉದ್ಘಾಟನೆಯಾದಾಗ ಅವರ ಹೆಸರನ್ನೇ ಇಟ್ಟರು. ಕಾವಲೂರಿಗೆ ಹೋದಾಗ ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರೆ ನನಗೆ ಒಂದೇ ಯೋಚನೆ: ಅಷ್ಟು ದೊಡ್ಡ ಗಾಜಿನಲ್ಲಿ ಪುಡಿ ಬದಲಿಸುವಾಗ ಇವರು ಉಗುರಿನ ಸಂದಿ ಹೇಗೆ ತೊಳೆದುಕೊಂಡರು?

ಪಾಲಿಶ್ ಮುಗಿದರೂ ನನ್ನ ಕನ್ನಡಿ ಇನ್ನೂ ಬರೀ ಗಾಜು, ಮೇಲೆ ಅಲ್ಯೂಮಿನಿಯಂ ಲೇಪ ಬೇಕು. ನಿರ್ವಾತದ ಪೆಟ್ಟಿಗೆಯಲ್ಲಿ ಲೋಹವನ್ನು ಆವಿ ಮಾಡಿ ಕೂರಿಸುವುದು. ನಾನು ಜಾಣತನ ಮಾಡಿ, ಗಾಡಿಗಳ ಹೆಡ್‌ಲೈಟಿಗೆ ಲೇಪ ಹಾಕುವ ಒಂದು ಕಡೆ ಕೊಟ್ಟೆ. ಫಳಫಳ ಹೊಳೆಯುತ್ತ ಬಂತು. ನಕ್ಷತ್ರ ನೋಡಿದರೆ ಒದ್ದೆ ಗೋಡೆಗೆ ಅಂಟಿಸಿದ ಹತ್ತಿ. ವಿಚಾರಿಸಿದರೆ, ಪ್ಲಾಸ್ಟಿಕ್ಕಿಗೆ ಹೊಡೆಯುವ ಹಾಗೆ ಮೊದಲು ಒಂದು ಕೋಟ್ ಲ್ಯಾಕರ್ ಹೊಡೆದು, ಅದರ ಮೇಲೆ ಲೋಹ ಕೂರಿಸಿದ್ದರು! ನಾಲ್ಕು ತಿಂಗಳು ಕೂದಲ ಸಾವಿರದ ಪಾಲಿಗೆ ಬಡಿದಾಡಿದ ಮೈಮೇಲೆ ಪೇಂಟು. ಅವರದು ತಪ್ಪಲ್ಲ, ಅವರ ಕೆಲಸ ಅವರು ನೀಟಾಗೇ ಮಾಡಿದ್ದರು, ಹೇಳದೆ ಇದ್ದವನು ನಾನು. ಕಾಸ್ಟಿಕ್ ಸೋಡಾದಲ್ಲಿ ಅಲ್ಯೂಮಿನಿಯಂ ಕರಗಿಸಿ, ಥಿನ್ನರಿನಲ್ಲಿ ಲ್ಯಾಕರ್ ಒರೆಸಿ, ಗೊತ್ತಿದ್ದವರ ಮೂಲಕ ಮತ್ತೊಂದು ಕಡೆ ಬರೀ ಲೋಹದ ಲೇಪ ಮಾಡಿಸಿದೆ.

ಉಳಿದದ್ದೆಲ್ಲ ಗುಜರಿ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಕನ್ನಡಿಗೆ ಹಳೆಯ ಜೆರಾಕ್ಸ್ ಮೆಷಿನ್ನಿನೊಳಗಿನ ಪಟ್ಟಿ ಕತ್ತರಿಸಿದ್ದು. ಕಣ್ಣಿಡುವ ಮಸೂರ ಹಳೆಯ ಬೈನಾಕ್ಯುಲರಿನದು. ಪೈಪನ್ನು ಹೊರುವ ಪೆಟ್ಟಿಗೆ ಪ್ಲೈವುಡ್ಡು, ಸನ್‌ಮೈಕಾ ಮೇಲೆ ಟೆಫ್ಲಾನ್ ತುಂಡುಗಳು ಜಾರುವ ಹಾಗೆ. ಈ ಪೆಟ್ಟಿಗೆಯ ಮಾದರಿ ಜಾನ್ ಡಾಬ್ಸನ್ ಎಂಬವರದು. ಅವರು ಯಾರೆಂದುಕೊಂಡಿರಿ? ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯಲ್ಲಿ, ನಮ್ಮ ರಾಮಕೃಷ್ಣ ಪರಂಪರೆಯ ಮಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಬಿಸಾಡಿದ ಗಾಜು, ರಟ್ಟು, ಹಲಗೆ ಸೇರಿಸಿ ಕದ್ದುಮುಚ್ಚಿ ದೂರದರ್ಶಕ ಮಾಡುತ್ತಿದ್ದರು. 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೆ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರನ್ನು ಕರೆದು ಚಂದ್ರನನ್ನು ತೋರಿಸಿದರು. ಹಾಗೆ ನೋಡಿದರೆ ನಮ್ಮ ಆಕಾಶವಾಣಿಗೂ ಇಂಥದೇ ಮನೆತಯಾರಿಯ ಬೇರು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮೇಷ್ಟ್ರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಹೂಡಿದ್ದರು. ಅದಕ್ಕಿಟ್ಟ ಆಕಾಶವಾಣಿ ಎಂಬ ಹೆಸರು ಆಮೇಲೆ ದೇಶಕ್ಕೆಲ್ಲ ಹೋಯಿತು.

ಈಗ ಬಾಕಿ ಉಳಿಸಿದ ಪ್ರಶ್ನೆ: ತಿಕ್ಕುವ ಗೋಳು ಯಾಕೆ? ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬ ನನಗೆ ಪರಿಚಯ. ಕಂಪ್ಯೂಟರ್ ಇರುವ ದೊಡ್ಡ ದೂರದರ್ಶಕ ಕೊಂಡಿದ್ದಾನೆ. ಬಟನ್ ಒತ್ತಿದರೆ ತಾನೇ ತಿರುಗಿ ಬೇಕಾದ ಕಡೆ ನಿಲ್ಲುತ್ತದೆ. ಹದಿನೈದನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಮುಸುಕು ಹಾಕಿ ನಿಲ್ಲಿಸಿದ್ದಾನೆ. "ಏನೂ ಕಾಣಲ್ಲ ಅಂಕಲ್, ಸುತ್ತ ಬರೀ ಲೈಟು" ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಫೋಟೋದಲ್ಲಿ ಬಣ್ಣಬಣ್ಣದ ಮೋಡ ನೋಡಿ ಆಸೆಪಟ್ಟು ಕೊಂಡವರಿಗೆ ನಮ್ಮ ಆಕಾಶದಲ್ಲಿ ಸಿಗುವುದು ಬೂದಿ. ಅವನ ಮನೆಯಿಂದ ಹೊಸಕೋಟೆ ದೂರವೇನಲ್ಲ. ಅಲ್ಲಿರುವ, ಅದೇ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ ಕೂತ ಖಗೋಳ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಚಂದ್ರಾ ದೂರದರ್ಶಕವನ್ನು ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಅವರಿಗೂ ಹೊಸಕೋಟೆಯ ಆಕಾಶ ಬೇಡ!

ನನಗೆ ಬೇಕು. ಯಾಕೆಂದರೆ ನನ್ನ ಕಣ್ಣು ಆಕಾಶದ ಮೇಲೆ ಎಷ್ಟೋ ಅಷ್ಟೇ ಆ ಗಾಜಿನ ಮೇಲೆ. ಆರು ಇಂಚಿನ ಕನ್ನಡಿ ನಮ್ಮ ಕಣ್ಣಿಗಿಂತ ನಾನೂರು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಅದರಲ್ಲಿ ಶನಿ ಇವತ್ತು ಎಷ್ಟು ಚೂಪಾಗಿ ಕಂಡಿತು, ಅಂಚಿನ ಜಾರನ್ನು ಇನ್ನೊಂದು ಸಲ ಪಾಲಿಶಿಗೆ ಕೂತು ತೆಗೆದರೆ ಇನ್ನೂ ಚೂಪಾದೀತೇ, ಇದು ನನ್ನ ಚಿಂತೆ. ಚಂದ್ರ, ಗುರು, ಶನಿ, ಜೋಡಿ ನಕ್ಷತ್ರಗಳು ಬೀದಿದೀಪಕ್ಕೆ ಹೆದರುವುದಿಲ್ಲ. ಸಿದ್ಧ ಉಪಕರಣ ಕೊಂಡವನಿಗೆ ಮೋಡ ಕವಿದ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಲಸವಿಲ್ಲ. ನನಗೆ ಆಗಲೇ ಕೈತುಂಬ ಕೆಲಸ.

ಹಾಗೆಂದು ನಾನು ಎಡೆಬಿಡದ ತಪಸ್ವಿ ಎಂದುಕೊಳ್ಳಬೇಡಿ. ಮಗಳ ಎಸ್‌ಎಸ್‌ಎಲ್‌ಸಿ, ಆಮೇಲೆ ಪಿಯುಸಿ, ನೈಟ್ ಶಿಫ್ಟು, ಮನೆ ಸಾಲ, ಇವುಗಳ ನಡುವೆ ಒಮ್ಮೆ ಎರಡು ವರ್ಷ ಪೈಪು ಮೆಟ್ಟಿಲ ಕೆಳಗೆ ಬಿದ್ದಿತ್ತು. ತೆಗೆದು ನೋಡಿದರೆ ಮಸೂರದ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಪೈಪನ್ನು ಮತ್ತೆ ಎಬ್ಬಿಸಿದ್ದು 2019ರ ಡಿಸೆಂಬರ್ 26ರ ಸೂರ್ಯಗ್ರಹಣ. ಕಾಸರಗೋಡು, ಮಂಗಳೂರು ಕಡೆ ಬಂಗಾರದ ಬಳೆ, ನಮಗೆ ಬೆಂಗಳೂರಿನಲ್ಲಿ ಖಂಡಗ್ರಹಣ. ಪೈಪಿನ ಬಾಯಿಗೆ ಎರಡಿಂಚು ತೂತಿನ ರಟ್ಟು ಮುಚ್ಚಿ, ಕಣ್ಣಿಡದೆ, ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದೆ. ಶೆಡ್ಡಿನ ಮುಂದೆ ಹುಡುಗರೆಲ್ಲ ಸೇರಿದರು. ಆ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಇಡ್ಲಿ ಉಳಿದಿತ್ತು, ಗ್ರಹಣ ನೋಡಿದವರು ಕೂತು ತಿಂದೆವು.

ಅಪ್ಪನಿಗೂ ಒಮ್ಮೆ ಕೃತ್ತಿಕೆಯನ್ನು ತೋರಿಸಿದೆ. ಕುಣಿಗಲ್ ಕಡೆಯ ಬೇಸಾಯಗಾರ. ಭರಣಿ ಸುರಿದರೆ ಧರಣಿ ಬದುಕೀತು ಎನ್ನುತ್ತ ಮಳೆ ನಕ್ಷತ್ರಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದವನು. ಆದರೆ ಕೃತ್ತಿಕೆ ಮಳೆ ಎಂದರೆ ಸೂರ್ಯ ಕೃತ್ತಿಕೆಯಲ್ಲಿ ಇರುವ ದಿನಗಳು. ಆಗ ಆ ನಕ್ಷತ್ರ ಹಗಲು ಬೆಳಕಿನಲ್ಲಿ ಮುಳುಗಿರುತ್ತದೆ. ಎಪ್ಪತ್ತು ವರ್ಷ ಹೆಸರು ಹಿಡಿದು ಉತ್ತವನು ಅದರ ಮುಖ ಗುರುತಿಸಿರಲಿಲ್ಲ. ಜನವರಿಯ ರಾತ್ರಿ ಪೈಪಿನಲ್ಲಿ ಹಿಡಿದುಕೊಟ್ಟೆ. ಬಹಳ ಹೊತ್ತು ಬಗ್ಗಿದ್ದ. "ಇಷ್ಟು ಸಣ್ಣವಾ?" ಅಂದ. ಸೊಂಟ ಹಿಡಿದುಕೊಂಡು ಎದ್ದು, ಮತ್ತೆ ಬಗ್ಗಿದ.

2023ರ ಆಗಸ್ಟ್ 23. ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಅದನ್ನು ನಡೆಸುತ್ತಿದ್ದದ್ದು ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ. ಆರ್ಯಭಟ ಕಟ್ಟಿದ ಪೀಣ್ಯವೇ! ನಮ್ಮ ಬೀದಿಯಲ್ಲಿ ಪಟಾಕಿ. ಮೋಡ ಸರಿದ ಸಂದಿಯಲ್ಲಿ ಅರ್ಧಕ್ಕೆ ಕೊಂಚ ಕಡಿಮೆಯ ಚಂದ್ರ. ಪೈಪನ್ನು ತಾರಸಿಗೆ ಹೊತ್ತೆ. ಬಾಡಿಗೆ ಮನೆಗಳವರು, ಗಾರ್ಮೆಂಟ್ಸಿನಿಂದ ಆಗಷ್ಟೇ ಬಂದ ಹೆಣ್ಣುಮಕ್ಕಳು, ಚಿಳ್ಳೆಪಿಳ್ಳೆಗಳು, ಎಲ್ಲರೂ ಸಾಲು ನಿಂತರು. ಎಲ್ಲರದೂ ಒಂದೇ ಪ್ರಶ್ನೆ: ವಿಕ್ರಮ್ ಕಾಣುತ್ತಾ? ಇಲ್ಲ ಅಂದೆ. ನನ್ನ ಕನ್ನಡಿಯಲ್ಲಿ ಚಂದ್ರನ ಮೇಲೆ ಒಂದೂವರೆ ಕಿಲೋಮೀಟರಿಗಿಂತ ಸಣ್ಣದು ಯಾವುದೂ ಬಿಡಿಯಾಗಿ ಕಾಣದು. ಅದೂ ಗಾಳಿ ಅಲುಗದೆ ನಿಂತರೆ. ಒಬ್ಬಾಕೆ, ರಾಯಚೂರು ಕಡೆಯವಳು, ಕಣ್ಣಿಟ್ಟು ಅಲ್ಲಾಡದೆ ನಿಂತಳು. "ಅಣ್ಣಾ, ಈ ಕುಳಿಗಳ ಅಂಚಿಗೆ ನೆರಳು ಬಿದ್ದಾವಲ್ಲ, ಅಲ್ಲಿ ಈಗ ಹೊತ್ತು ಮೂಡಾಕತ್ತದ ಏನು?" ಅಂದಳು. ಹೌದಮ್ಮ, ಅಲ್ಲೀಗ ಬೆಳಗಿನ ಜಾವ ಅಂದೆ. ಪುಸ್ತಕ ಓದಿ ನಾನು ಎಷ್ಟೋ ದಿನಕ್ಕೆ ತಿಳಿದದ್ದನ್ನು ಅವಳು ಒಂದೇ ನೋಟಕ್ಕೆ ಕಂಡಳು. ಸಾಲು ಉದ್ದವಿತ್ತು, ಹಿಂದಿನವರು ಗದರಿದರು. ಪಕ್ಕಕ್ಕೆ ಸರಿದು ಫೋನು ತೆಗೆದು ಊರಿಗೆ ಹಚ್ಚಿದಳು.

ಆ ಪೈಪಿಗೆ ಈಗ ತಮ್ಮ ಬರುವವನಿದ್ದಾನೆ. ಎಂಟು ಇಂಚಿನ ಗಾಜು ಡ್ರಮ್ಮಿನ ಮೇಲಿದೆ, 220ನೇ ನಂಬರ್ ಪುಡಿ ನಡೆಯುತ್ತಿದೆ. ಈ ಸಲ ರಾಳ ಕರಗಿಸಲು ಬೇರೆ ಒಲೆ, ಬೇರೆ ಪಾತ್ರೆ ತಂದುಕೊಂಡಿದ್ದೇನೆ.